ಅರನ್ ದ್ವೀಪದ ಸೈಕಲ್ ಸುತ್ತು: ಬೆಟ್ಟದ ಬುಡದಲ್ಲಿ ಸಪಾಟು, ಹೊಲಗಳ ನಡುವೆ ಏರು

ಸ್ಕಾಟ್ಲೆಂಡಿನ ನೈರುತ್ಯ ಕರಾವಳಿಯಾಚೆ, ಫರ್ತ್ ಆಫ್ ಕ್ಲೈಡ್ ಎಂಬ ಅಗಲವಾದ ಕೊಲ್ಲಿಯಲ್ಲಿರುವ ಅರನ್ ದ್ವೀಪವನ್ನು ಒಂದು ಸುತ್ತು ಬರುವ ರಸ್ತೆಯ ಉದ್ದ ಸುಮಾರು 90 ಕಿಲೋಮೀಟರ್. ಅಲ್ಲಿನ ಮೈಲಿ ಲೆಕ್ಕದಲ್ಲಿ 56 ಮೈಲಿ. ಒಟ್ಟು ಏರಿಕೆ ಸಾವಿರ ಮೀಟರಿನ ಆಸುಪಾಸು. ಈ ಎರಡು ಅಂಕಿಗಳನ್ನು ನೋಡಿದವರು ಇದನ್ನು ಮಧ್ಯಮ ಕಷ್ಟದ ಮಾರ್ಗಗಳ ಸಾಲಿಗೆ ಸೇರಿಸುವುದು ಸಹಜ, ಮತ್ತು ಸರಾಸರಿ ತೆಗೆದರೆ ಆ ವರ್ಗೀಕರಣದಲ್ಲಿ ತಪ್ಪೂ ಇಲ್ಲ. ಆದರೆ ಸೈಕಲ್ ತುಳಿಯುವವರ ಕಾಲಿಗೆ ಸರಾಸರಿಯ ಪರಿಚಯವಿರುವುದಿಲ್ಲ. ಈ ಸುತ್ತಿನ ಸರಿಸುಮಾರು ಅರ್ಧಭಾಗ ಕಡಲಿನ ಮಟ್ಟಕ್ಕೇ ಅಂಟಿಕೊಂಡು ಸಾಗುವ ಸಪಾಟು ರಸ್ತೆ. ಉಳಿದರ್ಧದಲ್ಲಿ ಒಂದು ಏರು ಮುಗಿದು ಉಸಿರು ಹದಕ್ಕೆ ಬರುವಷ್ಟರಲ್ಲಿ ಇನ್ನೊಂದು ಏರು ಎದುರಾಗುತ್ತದೆ. ಯಾವ ಅರ್ಧವನ್ನು ಯಾವಾಗ ತುಳಿಯುತ್ತೇವೆ ಎಂಬುದರ ಮೇಲೆ ದಿನವೆಲ್ಲ ಹೇಗೆ ಕಳೆಯಿತೆಂಬುದು ನಿಂತಿರುತ್ತದೆ.

ಇನ್ನೂ ವಿಚಿತ್ರವೆಂದರೆ, ದ್ವೀಪವನ್ನು ದೂರದಿಂದ ನೋಡಿ ಮಾಡುವ ಊಹೆ ಇಲ್ಲಿ ಪೂರ್ತಿ ತಲೆಕೆಳಗಾಗುತ್ತದೆ. ಸ್ಕಾಟ್ಲೆಂಡನ್ನು ಎತ್ತರದ ನಾಡು ಮತ್ತು ತಗ್ಗಿನ ನಾಡು ಎಂದು ಇಬ್ಭಾಗ ಮಾಡುವ ಹೈಲ್ಯಾಂಡ್ ಬೌಂಡರಿ ಫಾಲ್ಟ್ ಎಂಬ ಭೂಸ್ತರಭಂಗ ಅರನ್ ದ್ವೀಪದ ಮೂಲಕವೇ ಹಾದುಹೋಗಿದೆ. ಆದ್ದರಿಂದ ಉತ್ತರಾರ್ಧದಲ್ಲಿ 874 ಮೀಟರ್ ಎತ್ತರದ ಗೋಟ್ ಫೆಲ್ ಮತ್ತು ಅದರ ಸುತ್ತಲಿನ ಗ್ರಾನೈಟ್ ಶಿಖರಗಳಿದ್ದರೆ, ದಕ್ಷಿಣಾರ್ಧದಲ್ಲಿ ಹಸಿರು ಹೊಲ, ಕುರಿದೊಡ್ಡಿ, ಮೃದುವಾಗಿ ಕಾಣುವ ಗುಡ್ಡಗಳಿವೆ. ಹಡಗಿನ ಅಟ್ಟದಿಂದ ನೋಡುವ ಯಾರಾದರೂ ಉತ್ತರ ಕಠಿಣ, ದಕ್ಷಿಣ ಸುಲಭ ಎಂದೇ ತೀರ್ಮಾನಿಸುತ್ತಾರೆ. ರಸ್ತೆಯ ಮಟ್ಟಿಗೆ ಸಂಗತಿ ಇದಕ್ಕೆ ತದ್ವಿರುದ್ಧ. ಮಹಾಬೆಟ್ಟಗಳ ಬುಡದಲ್ಲಿ ರಸ್ತೆ ಸಪಾಟಾಗಿದೆ; ಸಾಧುವಾಗಿ ಕಾಣುವ ಹೊಲಗಳ ನಡುವೆ ಅದು ಏರಿಳಿದು ಏರಿಳಿದು ಸವಾರರನ್ನು ಸುಸ್ತು ಮಾಡುತ್ತದೆ.

ಇದಕ್ಕೆ ಕಾರಣ ಹಿಮಯುಗದಲ್ಲಿದೆ. ಹಿಮದ ಹೊರೆ ನೆಲವನ್ನು ಕೆಳಕ್ಕೆ ಒತ್ತಿತ್ತು. ಹಿಮ ಕರಗಿದ ಮೇಲೆ ನೆಲ ನಿಧಾನವಾಗಿ ಮೇಲೆದ್ದಿತು. ಹಾಗೆ ಏಳುವಾಗ ಹಳೆಯ ಕಡಲತೀರವೂ ಅದರೊಂದಿಗೇ ಮೇಲಕ್ಕೆ ಬಂದು, ಈಗಿನ ನೀರಿನ ಮಟ್ಟಕ್ಕಿಂತ ಕೆಲವು ಮೀಟರ್ ಎತ್ತರದಲ್ಲಿ ಒಂದು ಕಿರಿದಾದ ಜಗಲಿಯಾಗಿ ಉಳಿಯಿತು. ಉತ್ತರ ಮತ್ತು ಪಶ್ಚಿಮದ ರಸ್ತೆಯ ಬಹುಭಾಗ ಈ ಜಗಲಿಯ ಮೇಲೇ ಇದೆ. ಒಂದು ಬದಿಗೆ ಇಂದಿನ ಕಡಲು, ಇನ್ನೊಂದು ಬದಿಗೆ ಹಿಂದಿನ ಕಡಲು ಕೊರೆದಿಟ್ಟು ಹೋದ ಬಂಡೆಗೋಡೆ ಮತ್ತು ಅದರೊಳಗಿನ ಒಣ ಗುಹೆಗಳು. ದಕ್ಷಿಣದ ಕಥೆ ಬೇರೆ. ಅಲ್ಲಿ ಮರಳುಗಲ್ಲಿನ ಪದರಗಳ ನಡುವೆ ಒಂದು ಕಾಲದಲ್ಲಿ ಕರಗಿದ ಶಿಲೆ ನುಗ್ಗಿ, ಗಟ್ಟಿ ಹಲಗೆಗಳಂತೆ ಹೆಪ್ಪುಗಟ್ಟಿದೆ. ಈ ಹಲಗೆಗಳು ಕಡಲಿಗೆ ಮುಖಮಾಡಿ ಕಡಿದಾಗಿ ನಿಂತ ಕಡೆ ರಸ್ತೆಗೆ ಕೆಳಗೆ ಜಾಗ ಸಿಗದೆ ಅದು ಮೇಲಕ್ಕೆ ಹತ್ತಿದೆ, ತೊರೆಗಳು ಕೊರೆದ ಪ್ರತಿ ಕಣಿವೆಗೂ ಇಳಿದಿದೆ, ಮತ್ತೆ ಹತ್ತಿದೆ. 2025ರಲ್ಲಿ ಯುನೆಸ್ಕೋ ಅರನ್ ದ್ವೀಪವನ್ನು ತನ್ನ ಜಾಗತಿಕ ಜಿಯೋಪಾರ್ಕ್‌ಗಳ, ಅಂದರೆ ಭೂವೈಜ್ಞಾನಿಕ ಮಹತ್ವದ ಪ್ರದೇಶಗಳ, ಪಟ್ಟಿಗೆ ಸೇರಿಸಿತು. ಶಿಲೆಗಳ ಬಗ್ಗೆ ಆಸಕ್ತಿಯೇ ಇಲ್ಲದವರೂ ಈ ರಸ್ತೆಯಲ್ಲಿ ಒಂದು ದಿನ ಸೈಕಲ್ ತುಳಿದರೆ ಆ ಶಿಲೆಗಳ ವ್ಯತ್ಯಾಸವನ್ನು ತೊಡೆಯ ಸ್ನಾಯುಗಳ ಮೂಲಕವಾದರೂ ತಿಳಿದುಕೊಳ್ಳಬೇಕಾಗುತ್ತದೆ.

ಇಷ್ಟು ಗೊತ್ತಾದ ಮೇಲೆ ಯಾವ ದಿಕ್ಕಿನಲ್ಲಿ ಸುತ್ತಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಹಡಗು ಬಂದು ನಿಲ್ಲುವ ಬ್ರಾಡಿಕ್ ಊರು ದ್ವೀಪದ ಪೂರ್ವ ತೀರದಲ್ಲಿದೆ. ಅಲ್ಲಿಂದ ಉತ್ತರಕ್ಕೆ ಹೊರಟು ಎಡಸುತ್ತು ಹಾಕುವವರ ಸಂಖ್ಯೆ ಕಡಿಮೆಯಲ್ಲ. ಮೊದಲ ಹತ್ತಾರು ಕಿಲೋಮೀಟರ್ ಸಪಾಟಾಗಿರುವುದರಿಂದ ಕಾಲು ಹದಗೊಳ್ಳುತ್ತದೆ ಎಂಬುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಾಗ ದೇವರು ಬಲಗಡೆ ಇರುವಂತೆ, ಇಲ್ಲಿಯೂ ಬೆಟ್ಟ ಬಲಗಡೆ ಇರುವಂತೆ ಸುತ್ತುವುದೇ ಸರಿ. ಮೊದಲನೆಯದಾಗಿ, ಬ್ರಿಟನ್ನಿನಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುವುದರಿಂದ ಬಲಸುತ್ತು ಹಾಕುವವರು ಸದಾ ಕಡಲಿನ ಬದಿಯಲ್ಲೇ ಇರುತ್ತಾರೆ. ನೋಟಕ್ಕೆ ಅಡ್ಡಿಯಿಲ್ಲ, ನಿಲ್ಲಬೇಕೆನಿಸಿದಾಗ ರಸ್ತೆ ದಾಟುವ ಪ್ರಮೇಯವೂ ಇಲ್ಲ. ಎರಡನೆಯದಾಗಿ, ದಕ್ಷಿಣದ ಏರುಗಳೆಲ್ಲ ಕಾಲು ಹೊಸದಾಗಿರುವಾಗಲೇ ಮುಗಿದುಹೋಗುತ್ತವೆ. ಮತ್ತು ಇಲ್ಲಿ ಹೆಚ್ಚಾಗಿ ಬೀಸುವುದು ನೈರುತ್ಯದ ಗಾಳಿ. ಪಶ್ಚಿಮ ತೀರದಲ್ಲಿ ಉತ್ತರಕ್ಕೆ ಸಾಗುವಾಗ ಅದು ಬೆನ್ನಿಗೆ ಬರುತ್ತದೆ. ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಇದೆ: ದಕ್ಷಿಣ ತುದಿಯನ್ನು ಸುತ್ತಿ ಪಶ್ಚಿಮಕ್ಕೆ ತಿರುಗುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ, ಅದೂ ಏರುಗಳ ನಡುವೆ. ಆದರೂ ಎಡಸುತ್ತಿನಲ್ಲಿ 50 ಕಿಲೋಮೀಟರ್ ತುಳಿದು ದಣಿದ ಮೇಲೆ, ಸಂಜೆಯ ಹಡಗಿನ ಹೊತ್ತನ್ನು ಲೆಕ್ಕ ಹಾಕುತ್ತಾ ಅದೇ ಏರುಗಳನ್ನು ಹತ್ತುವುದಕ್ಕಿಂತ ಇದು ಎಷ್ಟೋ ಮೇಲು.

ದ್ವೀಪಕ್ಕೆ ಹೋಗುವ ಹಡಗಿನ ವಿಷಯ ಸಂಕ್ಷಿಪ್ತವಾಗಿ ಹೇಳಬಹುದು. ಬಹುಕಾಲ ಮುಖ್ಯಭೂಮಿಯ ಆರ್ಡ್ರೋಸನ್ ಬಂದರಿನಿಂದ ಬ್ರಾಡಿಕ್‌ಗೆ ಸುಮಾರು ಒಂದು ಗಂಟೆಯ ಪ್ರಯಾಣವಿತ್ತು. 2025ರ ಜನವರಿಯಲ್ಲಿ ಸೇವೆಗೆ ಬಂದ ಗ್ಲೆನ್ ಸ್ಯಾನಕ್ಸ್ ಎಂಬ ದೊಡ್ಡ ಹಡಗು ಟ್ರೂನ್ ಬಂದರಿನಿಂದ ಹೊರಡುತ್ತದೆ, ಆ ದಾರಿ ಸ್ವಲ್ಪ ಉದ್ದ. ಯಾವ ಬಂದರು, ಯಾವ ಹೊತ್ತು ಎಂಬುದನ್ನು ಹೊರಡುವ ಮುನ್ನ ನೋಡಿಕೊಳ್ಳಲೇಬೇಕು. ಸೈಕಲ್‌ಗೆ ಪ್ರತ್ಯೇಕ ಶುಲ್ಕವಿಲ್ಲ. ಗಾಳಿ ಜೋರಾದ ದಿನ ಹಡಗುಗಳು ರದ್ದಾಗುವುದು ಈ ಕರಾವಳಿಯಲ್ಲಿ ಅಪರೂಪವೇನಲ್ಲ. ಆದ್ದರಿಂದ ಮರುದಿನ ಬೆಳಿಗ್ಗೆ ಬೇರೆಲ್ಲೋ ಇರಲೇಬೇಕಾದವರು ಕೊನೆಯ ಹಡಗನ್ನು ನಂಬಿ ಈ ಸುತ್ತಿಗೆ ಇಳಿಯದಿರುವುದು ಒಳ್ಳೆಯದು. ಇನ್ನೊಂದು ಸಣ್ಣ ಸಲಹೆಯಿದೆ. ಹಡಗು ಇಳಿದ ಕೂಡಲೇ ಸೈಕಲ್ ಹತ್ತಬಾರದು. ಅದರ ಹೊಟ್ಟೆಯಿಂದ ಹೊರಬರುವ ಕಾರು, ಲಾರಿ, ಬಸ್ಸುಗಳೆಲ್ಲ ಒಂದೇ ರಸ್ತೆಯಲ್ಲಿ ಎರಡು ದಿಕ್ಕಿಗೆ ಹರಡುತ್ತವೆ. ಕಾಲು ಗಂಟೆ ಕಾದರೆ ಆ ಮೆರವಣಿಗೆ ಕರಗಿಹೋಗಿ, ಮುಂದಿನ ಹಡಗು ಬರುವ ತನಕ ರಸ್ತೆ ಬಹುಮಟ್ಟಿಗೆ ನಿರಾತಂಕವಾಗಿರುತ್ತದೆ.

ಬ್ರಾಡಿಕ್ ದಾಟಿದ ತಕ್ಷಣವೇ ಮೊದಲ ಏರು ಶುರು. ಸುಮಾರು ನೂರು ಮೀಟರ್ ಎತ್ತರಕ್ಕೆ, ತೋಪುಗಳ ನಡುವೆ, ನೇರವಾಗಿ ಹತ್ತುವ ಈ ರಸ್ತೆಯಲ್ಲಿ ಮೈ ಬಿಸಿಯಾಗುವುದಕ್ಕೆ ಮೊದಲೇ ಬೆವರು ಬರುತ್ತದೆ. ಮೇಲೆ ತಲುಪಿದಾಗ ಒಮ್ಮೆ ನಿಂತು ಹಿಂತಿರುಗಿ ನೋಡುವುದು ತಪ್ಪದಿರಲಿ, ಏಕೆಂದರೆ ಬ್ರಾಡಿಕ್ ಕೊಲ್ಲಿಯ ಹಿಂದೆ ಗೋಟ್ ಫೆಲ್ ಬುಡದಿಂದ ತುದಿಯವರೆಗೆ ಒಂದೇ ನೋಟಕ್ಕೆ ಸಿಗುವ ಜಾಗ ಇದು. ಆಚೆ ಬದಿಯ ಇಳಿಜಾರು ಲಾಮ್ಲಾಷ್ ಊರಿಗೆ ಕರೆದೊಯ್ಯುತ್ತದೆ. ಊರಿನ ಎದುರಿಗೇ ಕಡಲಿನಲ್ಲಿ ಕೋಟೆಯಂತೆ ನಿಂತ ಹೋಲಿ ಐಲ್ ಎಂಬ ಕಿರುದ್ವೀಪ 1992ರಿಂದ ಟಿಬೆಟಿನ ಬೌದ್ಧ ಪರಂಪರೆಯ ಸಮುದಾಯವೊಂದರ ಒಡೆತನದಲ್ಲಿದೆ. ಈ ಎರಡರ ನಡುವಿನ ನೀರಿನ ಒಂದು ಭಾಗದಲ್ಲಿ 2008ರಿಂದ ಯಾವ ಬಗೆಯ ಮೀನುಗಾರಿಕೆಗೂ ಅವಕಾಶವಿಲ್ಲ; ದ್ವೀಪದ ಜನರೇ ವರ್ಷಗಟ್ಟಲೆ ಪಟ್ಟುಹಿಡಿದು ಪಡೆದುಕೊಂಡ ಈ ನಿಷೇಧ ಸ್ಕಾಟ್ಲೆಂಡಿನಲ್ಲಿ ಆ ತರಹದ ಮೊದಲನೆಯದು. ತೀರದ ಹುಲ್ಲುಹಾಸಿನಲ್ಲಿ ಒಂದು ಸ್ಮಾರಕವಿದೆ. ಜಮೀನುದಾರರು ಒಕ್ಕಲುಗಳನ್ನು ಎಬ್ಬಿಸಿದಾಗ, 1829ರಲ್ಲಿ, ಇಲ್ಲಿಂದಲೇ ಹಡಗು ಹತ್ತಿ ಕೆನಡಾಕ್ಕೆ ಹೋದ ಕುಟುಂಬಗಳ ನೆನಪಿಗೆ ಅದನ್ನು ನಿಲ್ಲಿಸಲಾಗಿದೆ. ಈ ಒಕ್ಕಲೆಬ್ಬಿಸಿದ ಚರಿತ್ರೆ ಪಶ್ಚಿಮ ತೀರದಲ್ಲಿ ಮತ್ತೊಮ್ಮೆ ಎದುರಾಗುವುದರಿಂದ ಇದನ್ನು ಗಮನಿಸಿ ಮುಂದೆ ಹೋಗುವುದು ವಾಸಿ.

ಲಾಮ್ಲಾಷ್‌ನಿಂದ ವೈಟಿಂಗ್ ಬೇ ತನಕ ಮತ್ತೊಂದು ಏರು, ಮತ್ತೊಂದು ಇಳಿಜಾರು. ವಿಶೇಷವಾಗಿ ಹೇಳುವಂಥದ್ದೇನೂ ಇಲ್ಲ. ವೈಟಿಂಗ್ ಬೇ ಉದ್ದನೆಯ ಊರು, ಕಡಲಿಗೆ ಸಮಾನಾಂತರವಾಗಿ ಚಾಚಿಕೊಂಡಿದೆ. ಇಲ್ಲಿ ನೀರು ತುಂಬಿಕೊಂಡು, ಏನಾದರೂ ತಿಂದು ಹೊರಡಬೇಕು. ಮುಂದಿನ 25 ಕಿಲೋಮೀಟರ್‌ಗಳಷ್ಟು ದಾರಿಯಲ್ಲಿ ಅಂಗಡಿಗಳು ವಿರಳ, ಹಸಿವು ಮಾತ್ರ ಧಾರಾಳ.

ಈ ಸುತ್ತಿನ ನಿಜವಾದ ಪರೀಕ್ಷೆ ಇರುವುದು ಇಲ್ಲಿಂದ ಬ್ಲ್ಯಾಕ್‌ವಾಟರ್‌ಫುಟ್‌ವರೆಗಿನ ಈ ಭಾಗದಲ್ಲಿ. ವೈಟಿಂಗ್ ಬೇ ಬಿಟ್ಟ ಮೇಲೆ ರಸ್ತೆ ಡಿಪಿನ್ ಕಡೆಗೆ ಏರತೊಡಗುತ್ತದೆ. ಮೇಲೆ ಹೇಳಿದ ಗಟ್ಟಿ ಶಿಲೆಯ ಹಲಗೆಯೊಂದು ಇಲ್ಲಿ ಕಡಲಿಗೆ ಎದೆಯೊಡ್ಡಿ ನಿಂತಿರುವುದೇ ಇದಕ್ಕೆ ಕಾರಣ. ಏರಿದ ಮೇಲೆ ದಕ್ಷಿಣದ ಕಡಲು ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ. ಹತ್ತಿರದಲ್ಲಿ ಚಪ್ಪಟೆಯಾದ ಪ್ಲಾಡಾ ದ್ವೀಪ ಮತ್ತು 1790ರಲ್ಲಿ ಮೊದಲು ದೀಪ ಹಚ್ಚಿದ ಅದರ ದೀಪಸ್ತಂಭ. ದೂರದಲ್ಲಿ ಕಡಲಿನಿಂದ ಗುಮ್ಮಟದಂತೆ ಎದ್ದ ಎಲ್ಸಾ ಕ್ರೇಗ್. ಮಂಜುಗಡ್ಡೆಯ ಮೇಲೆ ಆಡುವ ಕರ್ಲಿಂಗ್ ಆಟದ ಕಲ್ಲುಗಳಿಗೆ ಬೇಕಾದ ವಿಶೇಷ ಗ್ರಾನೈಟ್‌ಗೆ ಆ ಎಲ್ಸಾ ಕ್ರೇಗ್ ಹೆಸರುವಾಸಿ. ಇಲ್ಲಿ ಎಡಕ್ಕೆ ಇಳಿಯುವ ಕಿರುರಸ್ತೆಯೊಂದು ಕಿಲ್ಡೋನನ್ ಎಂಬ ತೀರದ ಊರನ್ನು ಮುಟ್ಟಿ, ಮುಂದೆ ಮತ್ತೆ ಹೆದ್ದಾರಿಗೆ ಹತ್ತಿ ಸೇರಿಕೊಳ್ಳುತ್ತದೆ. ಇಳಿಯಬೇಕೇ ಬೇಡವೇ ಎಂಬುದು ಈ ಸುತ್ತಿನ ಮೊದಲ ಗಂಭೀರ ನಿರ್ಧಾರ. ಇಳಿದರೆ ಬಂಡೆಗಳ ಮೇಲೆ ಮಲಗಿದ ಸೀಲ್‌ಗಳು, ಹಳೆಯ ಕೋಟೆಯ ಗೋಡೆ, ದ್ವೀಪದಲ್ಲೇ ಅತಿ ಬೆಚ್ಚಗಿನ ಅನುಭವ ಕೊಡುವ ದಕ್ಷಿಣಾಭಿಮುಖ ತೀರ. ಮತ್ತೆ ಮೇಲೆ ಹತ್ತುವಾಗ ಸೈಕಲ್ಲಿನ ಅತಿ ಹಗುರವಾದ ಗೇರ್ ಕೂಡ ಸಾಲದೆನಿಸುವ ಕಡಿದಾದ ಏರು. ಗಾಳಿ ಶಾಂತವಾಗಿದ್ದ ದಿನ ಇಳಿಯಿರಿ, ಗಾಳಿ ಎದುರಿದ್ದ ದಿನ ಮೇಲಿನ ರಸ್ತೆಯಲ್ಲೇ ಹೋಗಿ ಎಂದು ಹೇಳುವುದೇ ನ್ಯಾಯ.

ಕಿಲ್ಡೋನನ್ ದಾಟಿದ ಮೇಲೆ ರಸ್ತೆ ಪಶ್ಚಿಮಕ್ಕೆ ತಿರುಗುತ್ತದೆ, ಹೊಲಗಳ ನಡುವೆ ಮೇಲೆ ಕೆಳಗೆ ಆಡುತ್ತದೆ. ಒಂದೊಂದು ಏರೂ ತನ್ನಷ್ಟಕ್ಕೆ ದೊಡ್ಡದಲ್ಲ. ನಕ್ಷೆಯ ಎತ್ತರದ ರೇಖಾಚಿತ್ರದಲ್ಲಿ ಅವು ಗಮನಕ್ಕೂ ಬರುವುದಿಲ್ಲ. ಆದರೆ ಇಳಿಜಾರಿನಲ್ಲಿ ಗಳಿಸಿದ ವೇಗವನ್ನು ತಿರುವು ನುಂಗಿಹಾಕುತ್ತದೆ, ಏರು ಆರಂಭವಾಗುವಲ್ಲಿ ಸೈಕಲ್ ಬಹುತೇಕ ನಿಂತೇ ಇರುತ್ತದೆ. ಲ್ಯಾಗ್ ಎಂಬಲ್ಲಿ ಮರಗಳು ದಟ್ಟವಾಗಿ ಕವಿದ ಹಳ್ಳಕ್ಕೆ ಇಳಿದು ಹತ್ತುವಾಗ ಈ ಆಟ ಅತಿಯಾಯಿತು ಎನಿಸದಿರದು. ಅಲ್ಲಿ 2019ರಲ್ಲಿ ಆರಂಭವಾದ ವಿಸ್ಕಿ ಭಟ್ಟಿಯೊಂದಿದೆ. ಇನ್ನೂ 50 ಕಿಲೋಮೀಟರಿಗೂ ಹೆಚ್ಚು ತುಳಿಯಬೇಕಾದವರು ಅದರ ಕಟ್ಟಡವನ್ನು ಹೊರಗಿನಿಂದ ಮೆಚ್ಚಿ ಮುಂದೆ ಹೋಗುವುದೇ ಕ್ಷೇಮ. ಈ ಭಾಗದ ಬಗ್ಗೆ ದೂರುವವರು ಬಹಳ, ಆದರೆ ನನ್ನ ಮಟ್ಟಿಗೆ ಇಡೀ ಸುತ್ತಿನಲ್ಲಿ ರಸ್ತೆಗೆ ಸ್ವಂತ ಗುಣವೆಂಬುದೊಂದು ಇರುವುದು ಇಲ್ಲಿಯೇ. ಎಡಗಡೆ ಹೊಲಗಳಾಚೆ ಕಡಲು ಯಾವಾಗಲೂ ಕಾಣುತ್ತಿರುತ್ತದೆ, ಅದರಾಚೆ ಕಿಂಟಾಯರ್ ಪರ್ಯಾಯದ್ವೀಪದ ಉದ್ದನೆಯ ಬೆನ್ನು. ವಾಹನಗಳು ಅತಿ ಕಡಿಮೆ, ಏಕೆಂದರೆ ಬ್ರಾಡಿಕ್‌ನಿಂದ ಪಶ್ಚಿಮಕ್ಕೆ ಹೋಗುವ ಸ್ಥಳೀಯರು ದ್ವೀಪದ ನಡುವಿನ ಅಡ್ಡರಸ್ತೆಯನ್ನೇ ಹಿಡಿಯುತ್ತಾರೆ.

ಬ್ಲ್ಯಾಕ್‌ವಾಟರ್‌ಫುಟ್‌ನ ಪುಟ್ಟ ಬಂದರಿಗೆ ಇಳಿದಾಗ ದಿನದ ಲೆಕ್ಕ ಬದಲಾಗುತ್ತದೆ. ಇಲ್ಲಿಗೆ ಸುಮಾರು 40 ಕಿಲೋಮೀಟರ್ ಮುಗಿದಿರುತ್ತದೆ, ಒಟ್ಟು ಏರಿಕೆಯ ಬಹುಪಾಲು ಹಿಂದೆ ಬಿದ್ದಿರುತ್ತದೆ. ಊಟಕ್ಕೆ ನಿಲ್ಲಬೇಕಾದ ಸ್ಥಳವೂ ಇದೇ. ಪಕ್ಕದ ಡ್ರಮಡೂನ್ ಭೂಶಿರದಲ್ಲಿ ಶಿಲೆ ಕಂಬಕಂಬವಾಗಿ ಬಿರಿದು ನಿಂತಿರುವುದು ಕಾಣುತ್ತದೆ. ಅದರ ನೆರಳಿನಲ್ಲಿರುವ ಗಾಲ್ಫ್ ಮೈದಾನಕ್ಕೆ ವಾಡಿಕೆಯ 18 ಕುಳಿಗಳ ಬದಲು 12 ಕುಳಿಗಳಷ್ಟೇ ಇವೆ, ಮತ್ತು ಅದರ ಬಗ್ಗೆ ಊರಿನವರಿಗೆ ಹೆಮ್ಮೆಯಿದೆ. ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಕಾಲುದಾರಿಯಲ್ಲಿ ನಡೆದರೆ ಕಿಂಗ್ಸ್ ಕೇವ್ ಸಿಗುತ್ತದೆ. ದೊರೆ ರಾಬರ್ಟ್ ಬ್ರೂಸ್ ಗುಹೆಯಲ್ಲಿ ಅಡಗಿ ಕುಳಿತು ಜೇಡನಿಂದ ಛಲ ಕಲಿತ ಕಥೆ ನಡೆದದ್ದು ಇಲ್ಲಿಯೇ ಎಂಬ ಪ್ರತೀತಿಯಿದೆ. ಆ ಕಥೆಗೆ ಹಕ್ಕು ಹೂಡುವ ಗುಹೆಗಳು ಸ್ಕಾಟ್ಲೆಂಡಿನಲ್ಲಿ ಬೇರೆಯೂ ಇವೆ. ಆದರೆ ಮೇಲೆದ್ದ ಹಳೆಯ ಕಡಲತೀರ ಎಂದರೆ ಏನೆಂಬುದನ್ನು ಕಣ್ಣಾರೆ ನೋಡಬೇಕಾದವರಿಗೆ ಈ ಗುಹೆಗಿಂತ ಒಳ್ಳೆಯ ಉದಾಹರಣೆ ಸಿಗದು: ಕಡಲೇ ಕೊರೆದ ಗುಹೆ, ಈಗ ಕಡಲಿಗೆ ಎಟುಕದಷ್ಟು ದೂರದಲ್ಲಿ ಮತ್ತು ಎತ್ತರದಲ್ಲಿದೆ.

ಮ್ಯಾಕ್ರಿ ಮೂರ್ ಎಂಬ ಬಯಲಿನ ಶಿಲಾವೃತ್ತಗಳಿಗೆ ಮಾತ್ರ ಸಮಯ ಕೊಡಲೇಬೇಕು. ಸೈಕಲ್ಲನ್ನು ರಸ್ತೆಬದಿಯಲ್ಲಿ ಬಿಟ್ಟು ಅರ್ಧ ಗಂಟೆ ನಡೆದರೆ, ಬಟ್ಟಬಯಲಿನಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದಿನ ಆರು ಕಲ್ಲಿನ ವೃತ್ತಗಳು ಹರಡಿಕೊಂಡಿರುವುದು ಕಾಣುತ್ತದೆ. ಕೆಲವು ವೃತ್ತಗಳು ಗಿಡ್ಡನೆಯ ಗ್ರಾನೈಟ್ ಗುಂಡುಗಳವು. ಒಂದರಲ್ಲಿ ಮಾತ್ರ ಕೆಂಪು ಮರಳುಗಲ್ಲಿನ ಮೂರು ನೀಳ ಕಂಬಗಳು ಉಳಿದಿವೆ, ಅತಿ ಎತ್ತರದ್ದು ಸುಮಾರು 5 ಮೀಟರ್. ಕಲ್ಲು ನಿಲ್ಲಿಸುವುದಕ್ಕೂ ಮೊದಲು ಇಲ್ಲಿ ಮರದ ಕಂಬಗಳ ವೃತ್ತಗಳಿದ್ದವೆಂದು ಉತ್ಖನನದಿಂದ ತಿಳಿದುಬಂದಿದೆ. ಹೋಗಿಬರಲು ಒಂದೂವರೆ ಗಂಟೆಯಾದರೂ ಬೇಕು. ಅಷ್ಟು ಹೊತ್ತನ್ನು ಮೊದಲೇ ದಿನದ ಲೆಕ್ಕದಲ್ಲಿ ಸೇರಿಸದವರು ಬಯಲಿನ ದಾರಿಫಲಕವನ್ನು ಮಾತ್ರ ನೋಡಿ ಮುಂದೆ ಹೋಗಬೇಕಾಗುತ್ತದೆ, ಮತ್ತು ಹೆಚ್ಚಿನವರು ಹಾಗೆಯೇ ಹೋಗುತ್ತಾರೆ.

ಮ್ಯಾಕ್ರಿಯಿಂದ ಲಾಕ್‌ರಾನ್ಜಾವರೆಗಿನ ಪಶ್ಚಿಮ ತೀರವೇ ಈ ಸುತ್ತಿಗೆ ಹೆಸರು ತಂದುಕೊಟ್ಟ ಭಾಗ. ಇಲ್ಲಿ ರಸ್ತೆ ಪೂರ್ತಿಯಾಗಿ ಆ ಜಗಲಿಯ ಮೇಲೆ ಬರುತ್ತದೆ. ಎಡಗಡೆ ಕಿಲ್‌ಬ್ರಾನನ್ ಜಲಸಂಧಿಯ ಅಲೆಗಳು ಎಷ್ಟು ಹತ್ತಿರವೆಂದರೆ ಬಿರುಗಾಳಿಯ ದಿನ ಕಡಲಪಾಚಿ ರಸ್ತೆಯ ಮೇಲೆ ಬಂದು ಬಿದ್ದಿರುತ್ತದೆ. ಬೆನ್ನಿಗೆ ಗಾಳಿಯಿದ್ದರೆ ಶ್ರಮವಿಲ್ಲದೆ ಸೈಕಲ್ ತಾನಾಗಿಯೇ ಓಡುತ್ತದೆ, ದಕ್ಷಿಣದಲ್ಲಿ ಪಟ್ಟ ಪಾಡಿನ ಸಿಟ್ಟು ಇಲ್ಲಿ ಇಳಿಯುತ್ತದೆ. ಪಿರ್ನ್‌ಮಿಲ್ ಊರಿನಲ್ಲಿ ಹಿಂದೆ ನೂಲು ಸುತ್ತುವ ಮರದ ಕಂಡಿಕೆಗಳನ್ನು ತಯಾರಿಸುವ ಗಿರಣಿಯಿತ್ತು. ಈಗ ಅಲ್ಲಿ ನಿಂತು ಏನಾದರೂ ಕುಡಿಯಬಹುದು, ಇಲ್ಲವೇ ಆಚೆ ದಡದ ಕಿಂಟಾಯರ್ ನೋಡುತ್ತಾ ಕೂರಬಹುದು. ಮೆಚ್ಚುಗೆಯ ಜೊತೆಗೇ ದೂರನ್ನೂ ಹೇಳಬೇಕು: ದ್ವೀಪದ ಅತ್ಯಂತ ಸುಂದರವಾದ ಈ ರಸ್ತೆಯ ಮೇಲ್ಮೈ ಹಲವೆಡೆ ಅತ್ಯಂತ ಕೆಟ್ಟದ್ದು ಕೂಡ. ಉಪ್ಪುಗಾಳಿ, ಅಲೆಯ ಹೊಡೆತ, ತೇಪೆಯ ಮೇಲೆ ತೇಪೆ. ಕಡಲಿನತ್ತ ಕಣ್ಣು ಹಾಯಿಸಿದ ಗಳಿಗೆಯಲ್ಲೇ ಮುಂದಿನ ಚಕ್ರ ಗುಂಡಿಗೆ ಇಳಿಯುವ ಸಂಭವ ಹೆಚ್ಚು. ಕೆಲವು ಕಡೆ ರಸ್ತೆ ಕಿರಿದಾಗಿದ್ದು, ಎದುರು ಬರುವ ವಾಹನಕ್ಕೆ ದಾರಿ ಕೊಡಲು ಬದಿಗೆ ಸರಿಯಬೇಕಾಗುತ್ತದೆ. ದ್ವೀಪದ ಚಾಲಕರು ಸಾಮಾನ್ಯವಾಗಿ ತಾಳ್ಮೆಯವರು.

ಕ್ಯಾಟಕಾಲ್‌ನಲ್ಲಿ ಕಡಲಿಗೆ ಮುಖಮಾಡಿದ ಹನ್ನೆರಡು ಬಿಳಿ ಮನೆಗಳ ಸಾಲೊಂದಿದೆ, ಹನ್ನೆರಡು ಶಿಷ್ಯರು ಎಂದು ಅದಕ್ಕೆ ಹೆಸರು. 19ನೆಯ ಶತಮಾನದ ನಡುಭಾಗದಲ್ಲಿ ಒಳಕಣಿವೆಯ ಜಮೀನನ್ನು ಜಿಂಕೆಗಳ ಬೇಟೆಗಾಗಿ ತೆರವು ಮಾಡಿಸಿ, ಅಲ್ಲಿಂದ ಎಬ್ಬಿಸಿದ ಒಕ್ಕಲುಗಳನ್ನು ಮೀನುಗಾರರಾಗಿಸುವ ಉದ್ದೇಶದಿಂದ ಇವನ್ನು ಕಟ್ಟಿಸಲಾಯಿತು. ಪ್ರತಿ ಮನೆಯ ಮಹಡಿಯ ಕಿಟಕಿಯ ಆಕಾರ ಬೇರೆ ಬೇರೆ; ಒಳಗೆ ದೀಪವಿಟ್ಟರೆ ಕಡಲಿನಲ್ಲಿರುವ ಗಂಡನಿಗೆ ತನ್ನ ಮನೆ ಯಾವುದೆಂದು ತಿಳಿಯಲಿ ಎಂದು ಹಾಗೆ ಮಾಡಿದರೆಂಬ ಮಾತಿದೆ. ಪ್ರವಾಸಿಗಳ ಫೋಟೋಗಳಲ್ಲಿ ಈ ಸಾಲು ಬಹಳ ಮುದ್ದಾಗಿ ಕಾಣುತ್ತದೆ. ಲಾಮ್ಲಾಷ್‌ನ ಸ್ಮಾರಕವನ್ನು ಆ ಬೆಳಿಗ್ಗೆ ನೋಡಿ ಬಂದವರಿಗೆ ಅಷ್ಟು ಮುದ್ದಾಗಿ ಕಾಣಲಾರದು.

ಲಾಕ್‌ರಾನ್ಜಾ ಈ ಸುತ್ತಿನ ಅತಿ ಚೆಂದದ ಊರು ಎಂದು ಧಾರಾಳವಾಗಿ ಹೇಳಬಹುದು. ಕಿರಿದಾದ ಕೊಲ್ಲಿ, ಅದರೊಳಕ್ಕೆ ಚಾಚಿದ ಜಲ್ಲಿಕಲ್ಲಿನ ದಿಬ್ಬದ ಮೇಲೆ ಹಾಳುಬಿದ್ದ ಕೋಟೆ, ಮನೆಗಳ ನಡುವೆ ಅಂಜಿಕೆಯಿಲ್ಲದೆ ಮೇಯುವ ಕೆಂಜಿಂಕೆಗಳು. ಊರಿನ ಉತ್ತರಕ್ಕೆ ಕಡಲಂಚಿನಲ್ಲಿ ನಡೆದು ನ್ಯೂಟನ್ ಪಾಯಿಂಟ್ ಬಳಿ ಹೋದರೆ, ಆಧುನಿಕ ಭೂವಿಜ್ಞಾನದ ಪಿತಾಮಹರೆನಿಸಿಕೊಂಡ ಜೇಮ್ಸ್ ಹಟನ್ 1787ರಲ್ಲಿ ನೋಡಿದ ಬಂಡೆಗಳು ಸಿಗುತ್ತವೆ. ಒಂದು ದಿಕ್ಕಿಗೆ ವಾಲಿದ ಪುರಾತನ ಪದರಶಿಲೆ, ಅದರ ಮೇಲೆ ಬೇರೆಯೇ ದಿಕ್ಕಿಗೆ ವಾಲಿ ಕುಳಿತ, ಬಹಳ ಕಾಲದ ನಂತರದ ಮರಳುಗಲ್ಲು. ಈ ಎರಡರ ನಡುವಿನ ಸಂಧಿಯಲ್ಲಿ ಕೋಟ್ಯಂತರ ವರ್ಷಗಳು ಅಳಿಸಿಹೋಗಿವೆ. ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷವೆಂದು ನಂಬಿದ್ದ ಕಾಲದಲ್ಲಿ ಹಟನ್ ತಮ್ಮ ವಾದಕ್ಕೆ ಹುಡುಕುತ್ತಿದ್ದದ್ದು ಇಂಥ ಸಾಕ್ಷಿಯನ್ನೇ. ನೋಡಲು ಅದೊಂದು ಸಾಮಾನ್ಯ ಬಂಡೆರಾಶಿ, ಮೊದಲೇ ಓದಿಕೊಂಡು ಹೋಗದವರಿಗೆ ಏನೂ ತಿಳಿಯದು. ಸೈಕಲ್ಲಿನ ಬೂಟು ಹಾಕಿಕೊಂಡು ಆ ಒದ್ದೆ ಕಲ್ಲುಗಳ ಮೇಲೆ ನಡೆಯುವುದೂ ಜಾಣತನವಲ್ಲ.

ಲಾಕ್‌ರಾನ್ಜಾದಿಂದ ಸ್ಯಾನಕ್ಸ್‌ವರೆಗೆ ಮಾತ್ರ ಕಡಲಂಚಿನಲ್ಲಿ ರಸ್ತೆಯಿಲ್ಲ. ದ್ವೀಪದ ಈಶಾನ್ಯದ ಮೂಲೆಯನ್ನು ಬಿಟ್ಟು ರಸ್ತೆ ಒಳನಾಡಿನ ಬೆಟ್ಟವನ್ನು ಹತ್ತಿ ದಾಟುತ್ತದೆ. ಬೊಗಿಲಿ ಎಂದು ಕರೆಯುವ ಈ ಏರು ಸುಮಾರು 200 ಮೀಟರ್ ಎತ್ತರಕ್ಕೆ ಹೋಗುತ್ತದೆ, ಮುಖ್ಯ ಸುತ್ತಿನಲ್ಲಿ ಇದೇ ದೊಡ್ಡದು, ಮತ್ತು ಅರನ್ ಎಂದಕೂಡಲೇ ಎಲ್ಲರೂ ಭಯಪಡಿಸುವುದು ಇದರ ಹೆಸರು ಹೇಳಿಯೇ. ನನಗೆ ಈ ಭಯ ಉತ್ಪ್ರೇಕ್ಷೆ ಎನಿಸುತ್ತದೆ. ದಕ್ಷಿಣದ ಏರುಗಳಂತೆ ಇದು ಮೋಸ ಮಾಡುವುದಿಲ್ಲ. ಕಣಿವೆಯ ಪಕ್ಕದಲ್ಲಿ ಹಿಡಿದ ದಾರಿ ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತಿರುತ್ತದೆ, ಒಂದೇ ಲಯದಲ್ಲಿ ತುಳಿದುಕೊಂಡು ಹೋಗಲು ಸಾಧ್ಯವಾಗುತ್ತದೆ. 65 ಕಿಲೋಮೀಟರ್‌ಗಳ ನಂತರ ಬರುವುದರಿಂದ ನಿಧಾನವಾಗಿ ಹತ್ತಬೇಕು, ಅಷ್ಟೇ. ಮೇಲೆ ತಲುಪಿದಾಗ ಬಲಗಡೆ ಗ್ರಾನೈಟ್ ಶಿಖರಗಳ ಗರಗಸದಂಥ ಅಂಚು ಎದ್ದು ನಿಲ್ಲುತ್ತದೆ. ಬೆಳಿಗ್ಗೆಯಿಂದ ದೂರದಿಂದ ನೋಡುತ್ತಿದ್ದ ಬೆಟ್ಟಗಳ ಒಳಮನೆಗೆ ರಸ್ತೆ ಕಾಲಿಡುವುದು ಈ ಒಂದೇ ಕಡೆ.

ಆಚೆ ಬದಿಯ ಇಳಿಜಾರು ಉದ್ದವಾಗಿದೆ, ವೇಗ ತಾನಾಗಿಯೇ ಬರುತ್ತದೆ. ಕುರಿಗಳಿಗೆ ಬೇಲಿಯ ಹಂಗಿಲ್ಲದ ಕಡೆ ಅವು ರಸ್ತೆಯ ನಡುವೆಯೇ ನಿಂತಿರಬಹುದು, ಕಿರುಸೇತುವೆಯ ಬಳಿ ರಸ್ತೆ ಒದ್ದೆಯಿರಬಹುದು. ಬ್ರೇಕಿನ ಮೇಲೆ ಬೆರಳು ಇರಲಿ. ಸ್ಯಾನಕ್ಸ್‌ನಿಂದ ಕಾರಿ ಮೂಲಕ ಬ್ರಾಡಿಕ್‌ವರೆಗೆ ಮತ್ತೆ ಅದೇ ಜಗಲಿ, ಅದೇ ಸಪಾಟು. ಬಂಡೆಗಳ ಮೇಲೆ ಸೀಲ್‌ಗಳು ಇಲ್ಲಿಯೂ ಸಿಗುತ್ತವೆ, ಹಿಮನದಿ ಹೊತ್ತು ತಂದು ಇಳಿಸಿದ ಮನೆಯಷ್ಟು ದೊಡ್ಡ ಗ್ರಾನೈಟ್ ಗುಂಡುಗಳು ರಸ್ತೆಯ ಪಕ್ಕದಲ್ಲೇ ಕುಳಿತಿವೆ. ಕೊನೆಗೆ ಬ್ರಾಡಿಕ್ ಕೋಟೆಯ ತೋಪು ಬರುತ್ತದೆ. ಕೋಟೆಯೂ ಗೋಟ್ ಫೆಲ್ ಬೆಟ್ಟವೂ 1958ರಿಂದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಯ ವಶದಲ್ಲಿವೆ.

ಸೈಕಲ್ಲಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ತೆಳ್ಳನೆಯ ಟೈರಿನ ರೇಸಿಂಗ್ ಸೈಕಲ್ ಇಲ್ಲಿ ನಡೆಯುತ್ತದೆ, ಆದರೆ ಪಶ್ಚಿಮದ ಗುಂಡಿಗಳನ್ನು ನೋಡಿದರೆ 30 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲದ ಟೈರು ಹಿತ. ಹಿಂದಿನ ಚಕ್ರಕ್ಕೆ 32 ಅಥವಾ 34 ಹಲ್ಲಿನ ದೊಡ್ಡ ಹಲ್ಲುಗಾಲಿ ಇದ್ದರೆ ದಕ್ಷಿಣದಲ್ಲಿ ಇಳಿದು ತಳ್ಳುವ ಪ್ರಸಂಗ ಬಾರದು. ಇದು ಸೈಕಲ್ಲಿಗೆಂದೇ ಮಾಡಿದ ಪಥವಲ್ಲ, ಎ841 ಎಂಬ ಹೆದ್ದಾರಿ. ಆದ್ದರಿಂದ ವಾಹನಗಳ ನಡುವೆ ತುಳಿಯಲು ಹೆದರುವ ಮಕ್ಕಳನ್ನು ಇಡೀ ಸುತ್ತಿಗೆ ಕರೆತರುವುದನ್ನು ನಾನು ಶಿಫಾರಸು ಮಾಡಲಾರೆ. ಅವರಿಗೆ ಬ್ರಾಡಿಕ್‌ನಿಂದ ಸ್ಯಾನಕ್ಸ್‌ಗೆ ಹೋಗಿ ಅದೇ ದಾರಿಯಲ್ಲಿ ಹಿಂತಿರುಗುವ ಸಪಾಟು ರಸ್ತೆ ಸಾಕು. ಕಾಲದ ಮಟ್ಟಿಗೆ ಮೇ ಮತ್ತು ಜೂನ್ ಆರಂಭ ಉತ್ತಮ: ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಮಿಜ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಚ್ಚುನೊಣಗಳ ಹಾವಳಿ ಇನ್ನೂ ಉಲ್ಬಣಿಸಿರುವುದಿಲ್ಲ. ಗಾಳಿಯಿದ್ದಾಗ, ಸೈಕಲ್ ಓಡುತ್ತಿರುವಾಗ ಅವು ಹತ್ತಿರ ಸುಳಿಯುವುದಿಲ್ಲ. ಪಂಕ್ಚರ್ ಆಗಿ ಮರಗಳ ನಡುವೆ ನಿಂತ ಸಂಜೆ ಮಾತ್ರ ಅವುಗಳ ಪರಿಚಯ ಪೂರ್ತಿ ಆಗುತ್ತದೆ. ಮಳೆಯ ಅಂಗಿ ಯಾವ ತಿಂಗಳಲ್ಲೂ ಬೇಕು.

ರೂಢಿಯಿರುವವರು ಇದನ್ನು ನಾಲ್ಕೈದು ಗಂಟೆಗಳಲ್ಲಿ ಮುಗಿಸಬಲ್ಲರು. ಆದರೆ ಮೇಲೆ ಹೇಳಿದ ಕಡೆಗಳಲ್ಲೆಲ್ಲ ನಿಲ್ಲುತ್ತಾ, ಊಟ ಮಾಡುತ್ತಾ ಹೋಗುವವರಿಗೆ ಎಂಟು ಗಂಟೆಯಾದರೂ ಬೇಕು, ಮತ್ತು ಈ ಸುತ್ತನ್ನು ನಾಲ್ಕು ಗಂಟೆಯಲ್ಲಿ ಮುಗಿಸುವುದಕ್ಕಾಗಿ ಹಡಗು ಹತ್ತಿ ಬರುವುದರಲ್ಲಿ ನನಗೆ ಅರ್ಥ ಕಾಣದು. ಎರಡು ದಿನವಿದ್ದರೆ ಬ್ಲ್ಯಾಕ್‌ವಾಟರ್‌ಫುಟ್‌ನಲ್ಲಿ ರಾತ್ರಿ ಕಳೆಯಬಹುದು. ಮ್ಯಾಕ್ರಿ ಮೂರ್‌ಗೆ ಆಗ ನ್ಯಾಯ ಸಲ್ಲುತ್ತದೆ. ಒಂದೇ ದಿನ, ಅದರಲ್ಲೂ ಹವಾಮಾನ ಕೈಕೊಟ್ಟ ದಿನವಾದರೆ, ಬ್ಲ್ಯಾಕ್‌ವಾಟರ್‌ಫುಟ್ ಬಳಿಯಿಂದ ಬ್ರಾಡಿಕ್‌ಗೆ ದ್ವೀಪವನ್ನು ಅಡ್ಡಲಾಗಿ ಸೀಳುವ ಸ್ಟ್ರಿಂಗ್ ರಸ್ತೆಯಿದೆ. ಬಿ880 ಎಂಬ ಈ ರಸ್ತೆ ಬೊಗಿಲಿಗಿಂತಲೂ ಎತ್ತರಕ್ಕೆ, ಸುಮಾರು 230 ಮೀಟರ್‌ಗೆ ಹತ್ತುತ್ತದೆ, ಆದರೆ 17 ಕಿಲೋಮೀಟರ್‌ಗಳ ಆಸುಪಾಸಿನಲ್ಲಿ ಹಡಗುಕಟ್ಟೆಗೆ ಮರಳಿಸುತ್ತದೆ. ದಕ್ಷಿಣಾರ್ಧವನ್ನು ಮಾತ್ರ ಸುತ್ತಿ ಸ್ಟ್ರಿಂಗ್ ಮೂಲಕ ಹಿಂತಿರುಗುವವರಿಗೆ ಏರುಗಳೆಲ್ಲ ಸಿಕ್ಕಿ ಸಪಾಟು ಒಂದೂ ಸಿಗದು. ಕಾಲಿಗೆ ಕಷ್ಟ ಕಡಿಮೆಯಾಗಲಿ ಎನ್ನುವವರು ಅದೇ ರಸ್ತೆಯನ್ನು ಉತ್ತರಾರ್ಧದ ಜೊತೆ ಜೋಡಿಸಿಕೊಳ್ಳಬೇಕು: ಬೆಳಿಗ್ಗೆ ಬ್ರಾಡಿಕ್‌ನಿಂದ ಸ್ಟ್ರಿಂಗ್ ಹತ್ತಿ ಪಶ್ಚಿಮಕ್ಕೆ ಇಳಿದು, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಲಾಕ್‌ರಾನ್ಜಾ ತಲುಪಿ, ಬೊಗಿಲಿ ದಾಟಿ ಮಧ್ಯಾಹ್ನದ ಹಡಗಿಗೆ ಬ್ರಾಡಿಕ್ ಸೇರಬಹುದು.